ಇರುವಾಗಲೇ ಇಡಬೇಕಾದ ಎಡೆ

ವೀರಶೈವ ಧರ್ಮದಲ್ಲಿ ಅನ್ನಕ್ಕೆ ಬಹು ಎತ್ತರದ ಸ್ಥಾನವಿದೆ. ಲಿಂಗಕ್ಕೆ ಅರ್ಪಿತವಾಗುವ ತನಕ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವು ಈ ತತ್ತ್ವವನ್ನೇ ಬೋಧಿಸುತ್ತದೆ. ಪ್ರಸಾದವೆಂಬ ಮಾತಿಗೆ ಮನಸ್ಸಿನ ತಿಳಿತನ, ಪ್ರಸನ್ನತೆ ಎಂಬ ಅರ್ಥವೂ ಉಂಟು. ಉಣ್ಣುವ ಅನ್ನಕ್ಕೂ ಮನಸ್ಸಿನ ತಿಳಿತನಕ್ಕೂ ಇರುವ ನಂಟನ್ನು ಪೂರ್ವಿಕರು ಒಂದೇ ಮಾತಿನಲ್ಲಿ ಅಡಗಿಸಿಟ್ಟಿದ್ದಾರೆ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಮ್ಮ ಹುಳಿಯಾರು ಸೀಮೆಯಲ್ಲಿ ಕೇಳದವರಿಲ್ಲ. ಮನೆಯ ಅಜ್ಜ ಕೀಲಿಕೈ ಇಟ್ಟ ಜಾಗ ಮರೆತರೆ, ಅಜ್ಜಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಮಕ್ಕಳು ಈ ಗಾದೆ ಹೇಳಿ ಸುಮ್ಮನಾಗುತ್ತಾರೆ. ಆದರೆ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ, ಅರವತ್ತು ದಾಟಿದ ನೂರು ಮಂದಿಯಲ್ಲಿ ಮರೆವಿನ ಕಾಯಿಲೆ ಇರುವವರು ಸುಮಾರು ಏಳು ಮಂದಿ. ಏಳು ಸಣ್ಣ ಸಂಖ್ಯೆಯಲ್ಲ, ನಿಜ. ಆದರೂ ಅರಳುಮರಳು ಎಲ್ಲರ ಹಣೆಬರಹವಲ್ಲ ಎಂಬುದು ಇದರಿಂದ ಸ್ಪಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ ಹಳ್ಳಿಗರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದಿರುವುದೂ ಈ ಮರೆವಿನ ಬೇರನ್ನು ಹುಡುಕುವುದಕ್ಕಾಗಿಯೇ.

ಸದ್ಭಕ್ತರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬಿ-12 ಎಂಬ ಜೀವಸತ್ವ ನಮ್ಮ ನರಗಳಿಗೂ ಮೆದುಳಿಗೂ ಅತ್ಯಗತ್ಯ. ದಿನಕ್ಕೆ ಬೇಕಾದದ್ದು ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಮಾತ್ರ. ಅಷ್ಟು ಸಿಗದಿದ್ದರೂ ಮರೆವು, ಮಂಕು, ಕಾಲು ಜೋಮು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳುತ್ತವೆ. ಕಾಳು, ಸೊಪ್ಪು, ಧಾನ್ಯಗಳಲ್ಲಿ ಇದು ಇಲ್ಲವೆನ್ನಬಹುದು. ಶಾಖಾಹಾರವನ್ನು ವ್ರತವಾಗಿ ನಡೆಸುವ ನಮಗೆ ಹಾಲು, ಮೊಸರು, ಮಜ್ಜಿಗೆಯೇ ಇದರ ಮುಖ್ಯ ಆಸರೆ. ಆದರೆ ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿರುವುದೇನು? ಮುಂಜಾನೆ ಕರೆದ ಹಾಲೆಲ್ಲ ಡೇರಿಗೆ ಹೋಗುತ್ತದೆ. ಆ ಹಸುವಿಗೆ ಹುಲ್ಲು ಹಾಕಿದ ಅಜ್ಜಿಗೆ ಉಳಿಯುವುದು ಹಾಲಿಲ್ಲದ ಟೀ. ಹಾಲು ಮಾರುವುದು ತಪ್ಪಲ್ಲ, ಅದೂ ಕಾಯಕವೇ. ಹಿರಿಯರ ಎರಡು ಲೋಟ ತೆಗೆದಿಟ್ಟು ಉಳಿದದ್ದನ್ನು ಮಾರುವುದು ಧರ್ಮ.

ವಯಸ್ಸಾದಂತೆ ಜಠರದ ಶಕ್ತಿ ಕುಂದುವುದರಿಂದ ಹಾಲು ಕುಡಿದರೂ ಈ ಸತ್ವ ಮೈಗೆ ಪೂರ್ತಿ ಹತ್ತದೇ ಹೋಗಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗುವವರಲ್ಲಿಯೂ ಇದು ಕಡಿಮೆಯಾಗುವುದುಂಟು. ಹಾಗೆಂದು ಗುಳಿಗೆಯನ್ನು ತಾವಾಗಿ ಬಿಡಬಾರದು. ಒಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಕೊರತೆ ತಿಳಿಯುತ್ತದೆ. ವೈದ್ಯರು ಗುಳಿಗೆಯನ್ನೋ ಚುಚ್ಚುಮದ್ದನ್ನೋ ಕೊಡುತ್ತಾರೆ. ಈ ಕೊರತೆಯಿಂದ ಬಂದ ಮರೆವನ್ನು ಬೇಗ ಗುರುತಿಸಿದರೆ ಬಹಳಷ್ಟು ಹಿಂದಕ್ಕೆ ತರಬಹುದು. ತಡಮಾಡಿದರೆ ನರಗಳಿಗಾದ ಹಾನಿ ಉಳಿದುಬಿಡುತ್ತದೆ. ಮಠಕ್ಕೆ ಬಂದು ವಿಭೂತಿ ಧರಿಸಿರಿ, ಜೊತೆಗೆ ಆಸ್ಪತ್ರೆಗೂ ಹೋಗಿ ಬನ್ನಿರಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಇನ್ನು ಉಳಿದ ಊಟ. ರಾಗಿ ಮುದ್ದೆ, ಬೆರಕೆ ಸೊಪ್ಪಿನ ಬಸ್ಸಾರು, ಹುರುಳಿ, ಅವರೆ, ಹೆಸರು ನಮ್ಮ ಬಯಲುಸೀಮೆಯ ಸಂಪತ್ತು. ಷಿಕಾಗೋ ನಗರದಲ್ಲಿ 960 ಮಂದಿ ವೃದ್ಧರನ್ನು ಹಲವು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಸೊಪ್ಪು ಉಣ್ಣುವವರ ನೆನಪಿನ ಶಕ್ತಿ ನಿಧಾನವಾಗಿ ಕುಂದುವುದು ಕಂಡುಬಂತು. ಸೊಪ್ಪೊಂದೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೆ ತೋಟದ ಬದುವಿನಲ್ಲಿ ಬೆಳೆಯುವ ಹೊನಗೊನೆ, ನುಗ್ಗೆ, ದಂಟುಗಳನ್ನು ಕಡೆಗಣಿಸಿ ಪೇಟೆಯ ಬಿಸ್ಕತ್ತಿಗೆ ಕೈಚಾಚುವುದು ಜಾಣತನವಲ್ಲ. ಹಲ್ಲಿಲ್ಲದವರಿಗೆ ಸೊಪ್ಪು, ಕಾಳುಗಳನ್ನು ಚೆನ್ನಾಗಿ ಬೇಯಿಸಿ ಮಸೆದು ಕೊಡಿರಿ. ಉಪ್ಪಿನಕಾಯಿ, ಹಪ್ಪಳದ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ; ಏರಿದ ಒತ್ತಡ ಮೆದುಳಿನ ರಕ್ತನಾಳಗಳಿಗೆ ಶತ್ರು. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಇಂದೇ ಬಿಡಬೇಕು.

ತೆಂಗು ನಮ್ಮ ಅನ್ನದಾತ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ನಂಬಿ ಬದುಕುವ ಸೀಮೆಯಲ್ಲಿ ನಿಂತು ಹೇಳಲು ಕಷ್ಟವಾದರೂ ಸತ್ಯವನ್ನು ಹೇಳಲೇಬೇಕು. ಕೊಬ್ಬರಿ ಎಣ್ಣೆಯನ್ನು ಚಮಚಗಟ್ಟಲೆ ಕುಡಿದರೆ ಮರೆವು ಹೋಗುತ್ತದೆಂಬ ಮಾತು ಹಬ್ಬಿದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಚಟ್ನಿಗೆ, ಪಲ್ಯಕ್ಕೆ ತೆಂಗಿನಕಾಯಿ ಹಿತಮಿತವಾಗಿರಲಿ. ಅದನ್ನು ಔಷಧಿಯೆಂದು ನಂಬಿ ವೈದ್ಯರನ್ನು ಬಿಡುವುದು ಬೇಡ.

ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರಲ್ಲಿ ಜನಿಸಿ, 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ಪೂಜೆ, ಓದು, ಮಕ್ಕಳ ಯೋಗಕ್ಷೇಮ ಬಿಟ್ಟವರಲ್ಲ. ಅವರ ದೀರ್ಘಾಯುಷ್ಯಕ್ಕೆ ಆಹಾರವೊಂದೇ ಕಾರಣವೆನ್ನಲಾಗದು. ಆದರೆ ಸಾವಿರಾರು ಮಕ್ಕಳಿಗೆ ದಿನವೂ ಅನ್ನ ನೀಡಿದ ಅವರ ಸ್ವಂತ ಊಟ ಸರಳವಾಗಿತ್ತು, ಮಿತವಾಗಿತ್ತು. ಮಿತಾಹಾರ, ಕಾಯಕ, ಜನರ ಒಡನಾಟ ಮೂರೂ ಕೂಡಿದಾಗ ಮುಪ್ಪು ಹಗುರವಾಗುತ್ತದೆ.

ಒಂಟಿಯಾಗಿ ಉಣ್ಣುವ ಮುದುಕರು ಅರೆಹೊಟ್ಟೆಯಲ್ಲಿ ಏಳುತ್ತಾರೆ. ಆದ್ದರಿಂದ ಅವರನ್ನು ಪಂಕ್ತಿಯಲ್ಲಿ ಕೂರಿಸಿಕೊಂಡು, ಮಾತನಾಡಿಸುತ್ತ ಉಣಬಡಿಸಿರಿ. ಹಿರಿಯರ ಹಬ್ಬದಂದು ಅಗಲಿದವರ ಹೆಸರಿನಲ್ಲಿ ಹೋಳಿಗೆ, ಪಾಯಸ, ತುಪ್ಪ ಬಡಿಸಿ ಎಡೆ ಇಡುತ್ತೇವೆ. ಅದು ಕೃತಜ್ಞತೆ, ನಡೆಯಲಿ. ಆದರೆ ಜಗಲಿಯ ಮೇಲೆ ಜೀವಂತವಾಗಿ ಕುಳಿತ ತಂದೆತಾಯಿಗೆ ಲೋಟ ಹಾಲು, ಹಿಡಿ ಸೊಪ್ಪು ಇಡದ ಕೈ ಅಂದು ಇಡುವ ಎಡೆಯನ್ನು ಯಾರು ಒಪ್ಪಿಯಾರು? ದಾಸೋಹ ಮಠದಲ್ಲಿ ಮಾತ್ರ ನಡೆಯುವುದಲ್ಲ. ಅದು ಮನೆಯ ಹಿರಿಯರ ತಟ್ಟೆಯಿಂದ ಆರಂಭವಾಗಬೇಕು.

ಸರ್ವರಿಗೂ ಸನ್ಮಂಗಳವಾಗಲಿ.