ಹೊಸ ಇಂಜಿನ್‌ಗೆ ಯಾವ ಆಯಿಲ್? ‘ಬೆಣ್ಣೆ ಥರ ಓಡುತ್ತೆ’ ಅನ್ನೋ ಮಾತು ನಂಬುವ ಮುನ್ನ

ಹೊಸ ಬೈಕಿನ ಚಕ್ರದಡಿ ಇಟ್ಟ ನಿಂಬೆಹಣ್ಣು ಒಣಗುವ ಮೊದಲೇ ಸಲಹೆಗಳು ಶುರುವಾಗುತ್ತವೆ. ‘ಕಂಪನಿ ಆಯಿಲ್ ಇಳಿಸಿ ಫುಲ್ ಸಿಂಥೆಟಿಕ್ ಹಾಕ್ಸಿ, ಬೆಣ್ಣೆ ಥರ ಓಡುತ್ತೆ’ ಅಂತ ಒಬ್ಬರು. ‘ಸಿಂಥೆಟಿಕ್ ಹಾಕಿದ್ರೆ ಇಂಜಿನ್ ಸೆಟ್ಟೇ ಆಗಲ್ಲ’ ಅಂತ ಇನ್ನೊಬ್ಬರು. ಮೊದಲನೆಯದು ಬಹುತೇಕ ದುಡ್ಡು ದಂಡ. ಎರಡನೆಯದರಲ್ಲಿ ಅರ್ಧ ಸತ್ಯ ಇದೆ.

ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಹೋನಿಂಗ್ ಮಾಡುವಾಗ ಅಡ್ಡಡ್ಡ ಸಣ್ಣ ಗೀರುಗಳನ್ನು ಬೇಕಂತಲೇ ಬಿಟ್ಟಿರುತ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬಿನ ಮೇಲೆ ಪಿಸ್ಟನ್ ರಿಂಗ್ ಉಜ್ಜಿ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅಂದರೆ ಆರಂಭದಲ್ಲಿ ಸ್ವಲ್ಪ ಸವೆತ ಬೇಕೇ ಬೇಕು. ಅದಕ್ಕೆ ಮೊದಲೇ ಗೋಡೆ ಹೊಳಪುಗಟ್ಟಿದರೆ ರಿಂಗ್ ಕೂರುವುದಿಲ್ಲ. ಇಂಜಿನ್ ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಆಮೇಲೆ ಎಂಥ ಆಯಿಲ್ ಹಾಕಿದರೂ ಸರಿಹೋಗೋದು ಕಷ್ಟ, ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸಬೇಕು.

ಸಿಂಥೆಟಿಕ್ ಬೇಡ ಅನ್ನೋ ವಾದ ಹುಟ್ಟಿದ್ದು ಇಲ್ಲಿಂದಲೇ. ಆದರೆ ಶೆವ್ರೊಲೆ ಕಾರ್ವೆಟ್ ಕಾರು 1992ರಿಂದ ಫ್ಯಾಕ್ಟರಿಯಲ್ಲೇ ಸಿಂಥೆಟಿಕ್ ಆಯಿಲ್ ತುಂಬಿಸಿಕೊಂಡು ಹೊರಬರುತ್ತಿದೆ, ಅದರ ರಿಂಗುಗಳು ಕೂತಿವೆ. ಈಗಿನ ಫ್ಯಾಕ್ಟರಿಗಳಲ್ಲಿ ಹೋನಿಂಗ್ ಎಷ್ಟು ನಯವಾಗಿರುತ್ತದೆ ಎಂದರೆ ಹೊಂದಿಕೆಯ ಕೆಲಸ ಬೇಗ ಮುಗಿದುಹೋಗುತ್ತದೆ. ಹಾಗಾಗಿ ಹೊಸ ಗಾಡಿಗೆ ಉತ್ತರ ಸುಲಭ: ಕಂಪನಿ ತುಂಬಿದ್ದನ್ನು ಮುಟ್ಟಬೇಡಿ, ಫಸ್ಟ್ ಸರ್ವಿಸಿನಲ್ಲಿ ಮ್ಯಾನುಯಲ್ ಹೇಳಿದ ಗ್ರೇಡ್ ಹಾಕಿಸಿ. ನಮ್ಮ ಬೈಕುಗಳಿಗೆ ಅದು ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಒಳಗೆ ಬರುತ್ತದೆ. ಇಳಿಸಿದ ಆಯಿಲಿನಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಗಾಬರಿ ಬೇಡ, ಅದು ಆ ಸವೆತದ್ದೇ.

ಲೇತ್ ಶಾಪಿನಲ್ಲಿ ಬೋರ್ ಮಾಡಿಸಿದ ಇಂಜಿನ್ ಕಥೆ ಬೇರೆ. ಅಲ್ಲಿ ಗೀರುಗಳು ಒರಟು, ಪುಡಿ ಜಾಸ್ತಿ. ಆಟೋ ಓಡಿಸುವವರಿಗೆ ಎರಡನೇ ಸಲ ಇಂಜಿನ್ ಬಿಚ್ಚುವುದೆಂದರೆ ಖರ್ಚಿನ ಜೊತೆ ಅಷ್ಟು ದಿನದ ದುಡಿಮೆಯೂ ಹೋದಂತೆ. ಇಂಥ ಇಂಜಿನ್‌ಗೆ ಸರಿಯಾದ ಗ್ರೇಡಿನ ಸಾದಾ ಮಿನರಲ್ ಆಯಿಲ್ ಸಾಕು, ಅದನ್ನೂ ಕೆಲವೇ ನೂರು ಕಿ.ಮೀ.ಗೆ ಇಳಿಸಿಬಿಡಬೇಕು. ಇಷ್ಟು ಬೇಗ ಚೆಲ್ಲುವ ಆಯಿಲಿಗೆ ದುಬಾರಿ ಡಬ್ಬ ಯಾಕೆ? ಹಳೇ ಬುಲೆಟ್, ಅಂಬಾಸಿಡರ್‌ನಂಥ ಪುಶ್‌ರಾಡ್ ಇಂಜಿನ್‌ಗೆ ಹೊಸ ಕ್ಯಾಮ್ ಹಾಕಿದ್ದರೆ ಜಿಂಕ್ ಅಂಶ ಹೆಚ್ಚಿರುವ ಆಯಿಲ್ ಕೇಳಿ. ಹೊಗೆಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಈಗಿನ ಕಾರ್ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ.

ಇನ್ನೊಂದು ಎಡವಟ್ಟು: ಮನೆಯಲ್ಲಿ ಉಳಿದ ಕಾರ್ ಆಯಿಲನ್ನೇ ಬೈಕಿಗೆ ಸುರಿಯುವುದು. ನಮ್ಮ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ಜಾರಿಕೆ ಹೆಚ್ಚಿಸಿದ ಕಾರ್ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಡಬ್ಬದ ಹಿಂದೆ ಜಾಸೋ ಎಂಎ ಅಥವಾ ಎಂಎ2 ಗುರುತು ನೋಡಿ. ಎಂಬಿ ಅಂತಿದ್ದರೆ ಅದು ಸ್ಕೂಟರಿಗೆ.

ಆಯಿಲಿನಷ್ಟೇ ಮುಖ್ಯವಾದ್ದು ಓಡಿಸುವ ರೀತಿ. ರಿಂಗನ್ನು ಗೋಡೆಗೆ ಬಲವಾಗಿ ಒತ್ತುವುದು ಒಳಗೆ ಉರಿಯುವ ಗ್ಯಾಸಿನ ಒತ್ತಡ. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಆ ಒತ್ತಡ ಸಿಗಲ್ಲ. ಹೊಸ ಇಂಜಿನ್ನನ್ನು ಚೀರಿಸಿದರೆ ಬಿಸಿ ಮಿತಿಮೀರುತ್ತದೆ. ವೇಗ ಏರಿಸುತ್ತಾ ಇಳಿಸುತ್ತಾ, ಮಧ್ಯಮ ಲೋಡಿನಲ್ಲಿ ಓಡಿಸಿ.

ಫಸ್ಟ್ ಸರ್ವಿಸಿನಲ್ಲಿ ಲೇಬರ್ ಫ್ರೀ ಇದ್ದರೂ ಆಯಿಲಿಗೆ ಸಾಮಾನ್ಯವಾಗಿ ನೀವೇ ದುಡ್ಡು ಕೊಡುತ್ತೀರಿ. ಯಾವ ಗ್ರೇಡ್, ಎಷ್ಟು ಲೀಟರ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾಳೆ ವಾರಂಟಿ ತಕರಾರು ಬಂದರೆ ಆ ಚೀಟಿಯೇ ಆಧಾರ.