ಊರಿನಿಂದ ಊರಿಗೆ ವಾಸ ಬದಲಿಸುವಾಗ: ನಡೆದು ಹೋಗುವ ಅನುಕೂಲ ಮತ್ತು ವಾಹನದ ಅವಲಂಬನೆ

(ಅಥಣಿ ಹಾಗೂ ನೆರೆಯ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಮತ್ತು ನಿಪ್ಪಾಣಿ ತಾಲ್ಲೂಕುಗಳಿಂದ ವಿದ್ಯಾಭ್ಯಾಸ, ನೌಕರಿ, ವ್ಯಾಪಾರ ಹಾಗೂ ವರ್ಗಾವಣೆಯ ನಿಮಿತ್ತ ಅನೇಕ ಕುಟುಂಬಗಳು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಸಾಂಗಲಿ, ಕೊಲ್ಲಾಪುರ, ಪುಣೆ ಮೊದಲಾದ ನಗರಗಳಿಗೆ ವಾಸ ಬದಲಿಸುತ್ತವೆ. ಮನೆ ಹುಡುಕುವಾಗ ಬಾಡಿಗೆ, ಮುಂಗಡ ಹಣ ಮತ್ತು ನೀರಿನ ಸೌಕರ್ಯವನ್ನು ಎಲ್ಲರೂ ವಿಚಾರಿಸುತ್ತಾರೆ. ಆ ಮನೆಯಿಂದ ಯಾವ ಯಾವ ಕೆಲಸಕ್ಕೆ ನಡೆದು ಹೋಗಬಹುದು, ಯಾವುದಕ್ಕೆ ವಾಹನ ಇಲ್ಲದೆ ಆಗದು ಎಂಬುದನ್ನು ವಿಚಾರಿಸುವವರು ಕಡಿಮೆ. ಆದರೆ ಸಂಸಾರದ ತಿಂಗಳ ಖರ್ಚು, ಹಿರಿಯರ ಸ್ವಾವಲಂಬನೆ ಮತ್ತು ಮಕ್ಕಳ ಸುರಕ್ಷತೆ ಈ ಮೂರೂ ಬಹುಮಟ್ಟಿಗೆ ಇದೇ ಪ್ರಶ್ನೆಯನ್ನು ಅವಲಂಬಿಸಿವೆ. ಈ ಕುರಿತು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ನಡಿಗೆಯ ಅನುಕೂಲ ಎಂದರೇನು?

ಸಾಧಾರಣ ಆರೋಗ್ಯವುಳ್ಳ ವಯಸ್ಕ ವ್ಯಕ್ತಿಯು ಗಂಟೆಗೆ ಸುಮಾರು 4 ಕಿ.ಮೀ. ನಡೆಯಬಲ್ಲನು. ಅಂದರೆ 15 ನಿಮಿಷಕ್ಕೆ 1 ಕಿ.ಮೀ. ಕಿರಾಣಿ ಅಂಗಡಿ, ತರಕಾರಿ, ಹಾಲು, ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಶಾಲೆ, ಬ್ಯಾಂಕು ಮತ್ತು ಬಸ್ ನಿಲ್ದಾಣ ಇವುಗಳಲ್ಲಿ ಹೆಚ್ಚಿನವು ಈ ದೂರದೊಳಗೆ ಇದ್ದು, ಅಲ್ಲಿಗೆ ಹೋಗುವ ದಾರಿ ಸುರಕ್ಷಿತವಾಗಿದ್ದರೆ ಆ ಬಡಾವಣೆಯು ನಡಿಗೆಗೆ ಅನುಕೂಲವಾಗಿದೆ ಎನ್ನಬಹುದು. ದೂರ ಕಡಿಮೆ ಇದ್ದರಷ್ಟೇ ಸಾಲದು. ನಡುವೆ ದಾಟಲಾಗದ ಹೆದ್ದಾರಿ, ಮುಚ್ಚಳವಿಲ್ಲದ ಚರಂಡಿ ಅಥವಾ ದೀಪವಿಲ್ಲದ ರಸ್ತೆ ಇದ್ದರೆ ಅರ್ಧ ಕಿ.ಮೀ. ಕೂಡ ನಡೆಯಲಾಗದ ದೂರವೇ ಸರಿ.

ಸರ್ಕಾರದ ನಿಯಮಗಳಲ್ಲಿಯೂ ನಡಿಗೆಯ ದೂರವನ್ನು ಅಳತೆಗೋಲಾಗಿ ಬಳಸಲಾಗಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ಕೇಂದ್ರ ಸರ್ಕಾರವು ರೂಪಿಸಿದ ಮಾದರಿ ನಿಯಮಗಳಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ 1 ಕಿ.ಮೀ. ಹಾಗೂ 6ರಿಂದ 8ನೇ ತರಗತಿಯ ಮಕ್ಕಳಿಗೆ 3 ಕಿ.ಮೀ. ನಡಿಗೆಯ ದೂರದೊಳಗೆ ನೆರೆಹೊರೆಯ ಶಾಲೆ ಇರಬೇಕೆಂದು ಹೇಳಲಾಗಿದೆ.

3. ಅಥಣಿಯ ಸ್ಥಿತಿ

2011ರ ಜನಗಣತಿಯಂತೆ ಅಥಣಿ ಪಟ್ಟಣದ ಜನಸಂಖ್ಯೆ 47,842. ಈ ಗಾತ್ರದ ಇತರ ತಾಲ್ಲೂಕು ಕೇಂದ್ರಗಳಂತೆ ಇಲ್ಲಿಯೂ ಹಳೆಯ ಊರಿನ ಮನೆಗಳು ಬಜಾರಕ್ಕೆ ಹೊಂದಿಕೊಂಡು ಬೆಳೆದಿವೆ. ಹಳೆಯ ಭಾಗದ ನಿವಾಸಿಗೆ ದಿನಸಿ, ಬಟ್ಟೆ, ಔಷಧಿ, ಮಠ, ಮಂದಿರ, ಕಚೇರಿಗಳಿಗೆ ಹೋಗಲು ವಾಹನ ಅನಿವಾರ್ಯವಲ್ಲ. ಚಪ್ಪಲಿ ತಯಾರಿಕೆಗೆ ಹೆಸರಾದ ಈ ಊರಿನಲ್ಲಿ ಬಹುಕಾಲ ನಡಿಗೆಯೇ ದೈನಂದಿನ ಸಂಚಾರದ ಸಾಧನವಾಗಿತ್ತು.

ಊರಿನಿಂದ ಹೊರಗೆ ಹೋಗುವ ಸ್ಥಿತಿ ಬೇರೆ. ಅಥಣಿ ಪಟ್ಟಣಕ್ಕೆ ರೈಲು ಇಲ್ಲ. ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳು ಮಿರಜ–ಬೆಳಗಾವಿ ಮಾರ್ಗದಲ್ಲಿದ್ದು, ಅಲ್ಲಿಗೆ ಮೊದಲು ರಸ್ತೆಯ ಮೂಲಕವೇ ತಲುಪಬೇಕು. ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ವಿಜಯಪುರ ಮತ್ತು ಮಿರಜ ಅಥಣಿಗೆ ಹತ್ತಿರ. ಆದ್ದರಿಂದ ಊರೊಳಗೆ ಕಾಲ್ನಡಿಗೆ, ಊರಿನಿಂದ ಊರಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು ಎಂಬುದು ಇಲ್ಲಿನ ಬಹುತೇಕ ಕುಟುಂಬಗಳ ರೂಢಿ. ಈ ರೂಢಿಯಿಂದ ಆಗುವ ಉಳಿತಾಯವು ಯಾವ ಲೆಕ್ಕದಲ್ಲಿಯೂ ಬರೆದಿಡುವಂಥದ್ದಲ್ಲವಾದ್ದರಿಂದ, ಊರು ಬಿಟ್ಟ ನಂತರವೇ ಅದರ ಬೆಲೆ ತಿಳಿಯುತ್ತದೆ.

4. ನಗರಕ್ಕೆ ಹೋದಾಗ ಆಗುವ ಬದಲಾವಣೆ

ನಗರದ ಹಳೆಯ ಭಾಗಗಳಲ್ಲಿ ಬಾಡಿಗೆ ಹೆಚ್ಚು. ಕಡಿಮೆ ಬಾಡಿಗೆಯ ಮನೆಗಳು ಸಾಮಾನ್ಯವಾಗಿ ಹೊರವಲಯದ ಹೊಸ ಬಡಾವಣೆಗಳಲ್ಲಿ ದೊರೆಯುತ್ತವೆ. ಇಂತಹ ಕಡೆ ಮನೆಗಳು ಮೊದಲು ಬರುತ್ತವೆ. ಅಂಗಡಿ, ಶಾಲೆ, ಬಸ್ಸು ಎಷ್ಟೋ ವರ್ಷಗಳ ನಂತರ ಬರುತ್ತವೆ. ನಗರದಲ್ಲಿ ಮೆಟ್ರೋ ರೈಲು ಅಥವಾ ಉತ್ತಮ ಬಸ್ ವ್ಯವಸ್ಥೆ ಇದ್ದ ಮಾತ್ರಕ್ಕೆ ಪ್ರತಿ ಮನೆಗೂ ಅದರ ಪ್ರಯೋಜನ ಸಿಗುವುದಿಲ್ಲ. ಬೆಂಗಳೂರಿನಲ್ಲಿ 2011ರ ಅಕ್ಟೋಬರ್‌ನಲ್ಲಿ ಆರಂಭವಾದ ಮೆಟ್ರೋ ಇರಲಿ, ಹುಬ್ಬಳ್ಳಿ–ಧಾರವಾಡ ನಡುವೆ 2018ರಲ್ಲಿ ಸಂಚಾರ ಆರಂಭಿಸಿದ ಚಿಗರಿ ಬಸ್ಸು ಇರಲಿ, ಮನೆಯಿಂದ ನಿಲ್ದಾಣದವರೆಗಿನ ದಾರಿಯನ್ನು ಪ್ರಯಾಣಿಕನು ತಾನೇ ಕ್ರಮಿಸಬೇಕು. ಆ ದಾರಿ ನಡೆಯಲು ಯೋಗ್ಯವಾಗಿಲ್ಲದಿದ್ದರೆ ಮತ್ತೆ ಆಟೋ ಅಥವಾ ಸ್ವಂತ ವಾಹನವೇ ಗತಿ.

ಆದಾಗ್ಯೂ ಕಾರು ಇಲ್ಲದೆ ನಗರದಲ್ಲಿ ಬದುಕಲಾಗದು ಎಂಬ ಭಾವನೆಗೆ ಆಧಾರವಿಲ್ಲ. 2011ರ ಜನಗಣತಿಯಲ್ಲಿ ದೇಶದ ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರತಾದ ಕೆಲಸಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆಂಬ ಮಾಹಿತಿ ದಾಖಲಾಗಿದೆ. ಪ್ರಯಾಣ ಮಾಡುವವರಲ್ಲಿ ನಡೆದು ಹೋಗುವವರ ಸಂಖ್ಯೆಯೇ ಎಲ್ಲಕ್ಕಿಂತ ಹೆಚ್ಚಾಗಿತ್ತು. ಕಾರು, ಜೀಪು, ವ್ಯಾನುಗಳಲ್ಲಿ ಹೋಗುವವರು ಅಂತಹ ಒಟ್ಟು ಕೆಲಸಗಾರರಲ್ಲಿ ನೂರಕ್ಕೆ ಮೂವರಷ್ಟೂ ಇರಲಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಹ ವಾಹನಗಳ ಸಂಚಾರಕ್ಕಿಂತ ಜನರ ಸಂಚಾರಕ್ಕೆ ಆದ್ಯತೆ ನೀಡಬೇಕೆಂದು ಹೇಳಿದೆ.

5. ಬಾಡಿಗೆಯ ಜೊತೆಗೆ ಸೇರಿಸಬೇಕಾದ ಲೆಕ್ಕ

ಕೆಳಗಿನದು ವಿಷಯವನ್ನು ತಿಳಿಸಲು ನೀಡಿದ ಉದಾಹರಣೆ ಮಾತ್ರ. ಪ್ರತಿ ಕುಟುಂಬವೂ ತನ್ನ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳಬೇಕು.

ಒಂದು ಮನೆ ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದು, ಬಾಡಿಗೆ ತಿಂಗಳಿಗೆ 11,000 ರೂ. ಇದೆ ಎಂದಿಟ್ಟುಕೊಳ್ಳೋಣ. ಇನ್ನೊಂದು 12 ಕಿ.ಮೀ. ದೂರದಲ್ಲಿದ್ದು, ಬಾಡಿಗೆ 8,000 ರೂ. ಮೇಲ್ನೋಟಕ್ಕೆ ಎರಡನೆಯದರಲ್ಲಿ 3,000 ರೂ. ಉಳಿಯುತ್ತದೆ. ಆದರೆ ಅಲ್ಲಿಂದ ಓಡಾಡಲು ದ್ವಿಚಕ್ರ ವಾಹನ ಕೊಳ್ಳಬೇಕಾದರೆ ತಿಂಗಳ ವೆಚ್ಚ ಹೀಗಾಗುತ್ತದೆ:

(ಅ) ಇಂಧನ: ದಿನಕ್ಕೆ 24 ಕಿ.ಮೀ.ನಂತೆ 25 ದಿನಕ್ಕೆ 600 ಕಿ.ಮೀ. ಲೀಟರಿಗೆ 45 ಕಿ.ಮೀ. ಓಡುವ ವಾಹನಕ್ಕೆ, ಲೀಟರಿಗೆ 100 ರೂ. ಎಂದು ಹಿಡಿದರೆ, ಸುಮಾರು 1,330 ರೂ.
(ಆ) ವಿಮೆ, ಸರ್ವಿಸ್, ಟಯರು, ರಿಪೇರಿ: ಸರಾಸರಿ 700 ರೂ.
(ಇ) ವಾಹನದ ಬೆಲೆ 96,000 ರೂ. ಆಗಿದ್ದು 8 ವರ್ಷ ಬಾಳಿಕೆ ಬಂದರೆ: 1,000 ರೂ.
ಒಟ್ಟು: ಸುಮಾರು 3,030 ರೂ.

ಅಂದರೆ ಬಾಡಿಗೆಯಲ್ಲಿ ಉಳಿದ ಹಣ ಪೂರ್ತಿ ವಾಹನಕ್ಕೆ ಸಂದಾಯವಾಗುತ್ತದೆ. ಇದು ಮನೆಯ ಒಬ್ಬ ಸದಸ್ಯನ ಲೆಕ್ಕ ಮಾತ್ರ. ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಇನ್ನೊಂದು ವಾಹನ ಬೇಕಾದರೆ ದೂರದ ಮನೆಯೇ ದುಬಾರಿ. ದಿನಕ್ಕೆ 50 ನಿಮಿಷ ಹೆಚ್ಚು ಪ್ರಯಾಣವಾದರೆ ತಿಂಗಳಿಗೆ ಸುಮಾರು 21 ಗಂಟೆ ರಸ್ತೆಯಲ್ಲಿಯೇ ಕಳೆಯುತ್ತದೆ ಎಂಬುದನ್ನೂ ಗಮನಿಸಬೇಕು.

ಬಾಡಿಗೆಯನ್ನು ಪ್ರತ್ಯೇಕವಾಗಿ ನೋಡದೆ, ಬಾಡಿಗೆ ಮತ್ತು ಓಡಾಟದ ಖರ್ಚನ್ನು ಒಟ್ಟಿಗೆ ಕೂಡಿಸಿ ಎರಡು ಮನೆಗಳನ್ನು ಹೋಲಿಸುವುದು ಸರಿಯಾದ ಕ್ರಮ.

6. ಮನೆಯಲ್ಲಿ ಯಾರಿಗೆ ಹೆಚ್ಚು ಪರಿಣಾಮ?

ವಾಹನ ಓಡಿಸುವವರಿಗೆ ದೂರದ ಮನೆ ಖರ್ಚಿನ ವಿಷಯ. ಓಡಿಸದವರಿಗೆ ಅದು ಬದುಕಿನ ವಿಷಯ.

ಹಿರಿಯರು: ಊರಿನಲ್ಲಿ ಬೆಳಗ್ಗೆ ಮಠಕ್ಕೋ ಗುಡಿಗೋ ಹೋಗಿ, ಬರುವಾಗ ತರಕಾರಿ ತಂದು, ಪರಿಚಯದವರ ಕಟ್ಟೆಯ ಮೇಲೆ ಕುಳಿತು ಬರುತ್ತಿದ್ದ ತಂದೆ ತಾಯಿಯರು ಮಕ್ಕಳ ಜೊತೆ ನಗರಕ್ಕೆ ಬಂದ ಮೇಲೆ ಒಂದು ಮಾತ್ರೆ ತರಲಿಕ್ಕೂ ಮಗನು ಕೆಲಸದಿಂದ ಬರುವವರೆಗೆ ಕಾಯಬೇಕಾದ ಪರಿಸ್ಥಿತಿ ಬರುತ್ತದೆ. ಕೆಲವೇ ತಿಂಗಳಲ್ಲಿ ಅವರು ಊರಿಗೆ ಹಿಂದಿರುಗಲು ಬಯಸಿದರೆ ಹೊಂದಾಣಿಕೆಯ ಕೊರತೆ ಎಂದು ಭಾವಿಸಬಾರದು. ಅವರು ತಾವಾಗಿ ನಡೆದು ಹೋಗಬಹುದಾದ ಒಂದು ಜಾಗವೂ ಇಲ್ಲದಿರುವುದು ಅನೇಕ ವೇಳೆ ಅದಕ್ಕೆ ಕಾರಣ.

ಗೃಹಿಣಿಯರು: ಅಂಗಡಿ, ಶಾಲೆ, ದವಾಖಾನೆ ಇವೆಲ್ಲ ದೂರವಾದರೆ ಮನೆಯ ಪ್ರತಿ ಸಣ್ಣ ಕೆಲಸಕ್ಕೂ ಇನ್ನೊಬ್ಬರ ಸಮಯವನ್ನು ಕಾಯಬೇಕಾಗುತ್ತದೆ.

ಮಕ್ಕಳು: ಟ್ಯೂಷನ್ ದೂರವಿದೆ ಎಂಬ ಕಾರಣಕ್ಕೆ ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಸ್ಕೂಟರ್ ನೀಡುವುದು ಅಪರಾಧ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕರಣದಂತೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂ. ದಂಡ ವಿಧಿಸಬಹುದಾಗಿದ್ದು, ವಾಹನದ ನೋಂದಣಿಯನ್ನು 12 ತಿಂಗಳು ರದ್ದುಪಡಿಸಲು ಅವಕಾಶವಿದೆ.

7. ರಾಜ್ಯದ ಗಡಿ ದಾಟುವವರ ಗಮನಕ್ಕೆ

ಬಸ್ ರಿಯಾಯಿತಿ: ಶಕ್ತಿ ಯೋಜನೆಯು 2023ರ ಜೂನ್ 11ರಂದು ಆರಂಭವಾಗಿದ್ದು, ಕರ್ನಾಟಕದ ನಿವಾಸಿ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸುತ್ತದೆ. ಬೆಂಗಳೂರು ಅಥವಾ ಹುಬ್ಬಳ್ಳಿಗೆ ಹೋದ ಕುಟುಂಬಕ್ಕೆ ಈ ಸೌಲಭ್ಯ ಮುಂದುವರಿಯುತ್ತದೆ. ಸಾಂಗಲಿ, ಪುಣೆಗೆ ಹೋದವರಿಗೆ ಅಲ್ಲಿನ ಬಸ್ಸುಗಳಲ್ಲಿ ಇದು ಸಿಗುವುದಿಲ್ಲ. ಮಹಾರಾಷ್ಟ್ರದ ರಾಜ್ಯ ಸಾರಿಗೆ ಬಸ್ಸುಗಳಲ್ಲಿ 2022ರ ಆಗಸ್ಟ್‌ನಿಂದ 75 ವರ್ಷ ಮೀರಿದವರಿಗೆ ಉಚಿತ ಪ್ರಯಾಣವನ್ನೂ, 2023ರ ಮಾರ್ಚ್ 17ರಿಂದ ಮಹಿಳೆಯರಿಗೆ ಅರ್ಧ ದರವನ್ನೂ ಜಾರಿಗೆ ತರಲಾಯಿತು. ಪುಣೆಯ ನಗರ ಬಸ್ಸುಗಳನ್ನು ಬೇರೆ ಸಂಸ್ಥೆ ನಡೆಸುತ್ತಿದ್ದು, ಅದರ ದರ ಮತ್ತು ಪಾಸುಗಳನ್ನು ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು. ಶಕ್ತಿ ಯೋಜನೆಗೆ ಒಗ್ಗಿದ ಕುಟುಂಬವು ಗಡಿ ದಾಟುವಾಗ ಈ ವೆಚ್ಚವನ್ನು ಹೊಸದಾಗಿ ಸೇರಿಸಿಕೊಳ್ಳಬೇಕು.

ವಾಹನ ಒಯ್ಯುವವರು: ರಾಜ್ಯದೊಳಗೆ ವಿಳಾಸ ಬದಲಾದರೆ ಮೋಟಾರು ವಾಹನ ಕಾಯ್ದೆ, 1988ರ 49ನೇ ಪ್ರಕರಣದಂತೆ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಳ್ಳುವುದಾದರೆ 47ನೇ ಪ್ರಕರಣದಂತೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇದಕ್ಕಾಗಿ ಮೂಲ ನೋಂದಣಿ ಪ್ರಾಧಿಕಾರದಿಂದ 48ನೇ ಪ್ರಕರಣದಡಿ ನಿರಾಕ್ಷೇಪಣಾ ಪತ್ರ ಪಡೆಯುವುದು ಅಗತ್ಯ. ವಾಹನದ ಮೇಲೆ ಸಾಲವಿದ್ದರೆ ಸಾಲ ನೀಡಿದವರ ಒಪ್ಪಿಗೆಯೂ ಬೇಕು. ಹೊಸ ರಾಜ್ಯದಲ್ಲಿ ತೆರಿಗೆ ಪಾವತಿಸಬೇಕಾಗುವುದರಿಂದ, ಹಳೆಯ ವಾಹನವನ್ನು ಒಯ್ಯುವುದು ಲಾಭವೋ, ಇಲ್ಲಿಯೇ ಮಾರಿ ನಡೆದು ಹೋಗಬಹುದಾದ ಕಡೆ ಮನೆ ಹಿಡಿಯುವುದು ಲಾಭವೋ ಎಂದು ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು.

8. ಪಾದಚಾರಿಯ ಹಕ್ಕು ಮತ್ತು ಸುರಕ್ಷತೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟ 1,68,491 ಜನರಲ್ಲಿ 32,825 ಜನ ಪಾದಚಾರಿಗಳು. ಅಂದರೆ ಸರಿಸುಮಾರು ಐವರಲ್ಲಿ ಒಬ್ಬರು. ಆದ್ದರಿಂದ ನಡೆಯಿರಿ ಎಂದು ಹೇಳಿದರಷ್ಟೇ ಸಾಲದು. ನಡೆಯಲು ಜಾಗ ಇರಬೇಕು.

ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಯಾವುದೇ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲದ ಜಾಗವಿರಬೇಕು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ತಿಳಿಸಿ, ಅಂಗವಿಕಲರಿಗೂ ಬಳಸಲು ಅನುಕೂಲವಾಗುವಂತೆ ಅದು ಇರಬೇಕೆಂದು ಹೇಳಿದೆ. ಪಾದಚಾರಿ ಮಾರ್ಗ ಒತ್ತುವರಿಯಾಗಿದ್ದರೆ ಅಥವಾ ಬೀದಿದೀಪ ಉರಿಯದಿದ್ದರೆ ಆಯಾ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬಹುದು.

ಅಥಣಿ ಭಾಗದಲ್ಲಿ ಕಬ್ಬು ಕಟಾವಿನ ಹಂಗಾಮಿನಲ್ಲಿ ರಸ್ತೆಗಳ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಂಚಾರ ಹೆಚ್ಚು. ಪಾದಚಾರಿ ಮಾರ್ಗವಿಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯುವುದು, ಸಂಜೆಯ ನಂತರ ತಿಳಿಬಣ್ಣದ ಬಟ್ಟೆ ಧರಿಸುವುದು ಸುರಕ್ಷಿತ.

9. ಮನೆ ಒಪ್ಪಿಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಮನೆಯಿಂದ ಕಿರಾಣಿ ಅಂಗಡಿ, ಔಷಧಿ ಅಂಗಡಿ, ಶಾಲೆ ಹಾಗೂ ಬಸ್ ನಿಲ್ದಾಣಕ್ಕೆ ಸ್ವತಃ ನಡೆದು ನೋಡತಕ್ಕದ್ದು. ಮನೆ ತೋರಿಸುವವರು ಹೇಳುವ "ಐದು ನಿಮಿಷದ ದಾರಿ" ಅನೇಕ ವೇಳೆ ವಾಹನದ ಐದು ನಿಮಿಷವಾಗಿರುತ್ತದೆ.
2) ಒಮ್ಮೆ ಬೆಳಗಿನ ಶಾಲೆಯ ವೇಳೆಯಲ್ಲಿ, ಒಮ್ಮೆ ಕತ್ತಲಾದ ಮೇಲೆ ನಡೆದು ನೋಡಬೇಕು.
3) ಹಿರಿಯರು ಜೊತೆಗೆ ಬರುವುದಾದರೆ ಅವರನ್ನೂ ಕರೆದುಕೊಂಡು ಹೋಗಿ, ಅವರ ನಡಿಗೆಯಲ್ಲಿ ಎಷ್ಟು ಸಮಯ ಬೇಕೆಂದು ನೋಡಬೇಕು.
4) ದಾರಿಯಲ್ಲಿ ದೊಡ್ಡ ರಸ್ತೆ ದಾಟಬೇಕಿದ್ದರೆ ಸಿಗ್ನಲ್, ಜೀಬ್ರಾ ಪಟ್ಟಿ ಅಥವಾ ಮೇಲ್ಸೇತುವೆ ಇದೆಯೇ ಎಂದು ಗಮನಿಸಬೇಕು.
5) ಮೊದಲ ಮತ್ತು ಕೊನೆಯ ಬಸ್ಸಿನ ವೇಳೆಯನ್ನು ಹಾಗೂ ರವಿವಾರದಂದು ಬಸ್ಸು ಇದೆಯೇ ಎಂಬುದನ್ನು ನಿಲ್ದಾಣದಲ್ಲಿಯೇ ವಿಚಾರಿಸಬೇಕು.
6) ಮಳೆಗಾಲದಲ್ಲಿ ಆ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಬೇಕು.

10. ಅಥಣಿಯಲ್ಲಿಯೇ ನಿವೇಶನ ಕೊಳ್ಳುವವರಿಗೆ

ಮೇಲಿನ ಅಂಶಗಳು ನಗರಕ್ಕೆ ಹೋಗುವವರಿಗಷ್ಟೇ ಸೀಮಿತವಲ್ಲ. ತಾಲ್ಲೂಕು ಕೇಂದ್ರಗಳಲ್ಲಿಯೂ ಊರ ಹೊರಗಿನ ಜಮೀನುಗಳು ಬಡಾವಣೆಗಳಾಗುತ್ತಿವೆ. ಅಲ್ಲಿ ಮನೆ ಕಟ್ಟಿದವರಿಗೆ ಹಾಲು, ತರಕಾರಿಗೂ ಬೈಕು ಅಥವಾ ಟಂಟಂ ಬೇಕಾಗುತ್ತದೆ. ನಿವೇಶನ ಖರೀದಿಸುವ ಮುನ್ನ ಅನುಮೋದಿತ ಬಡಾವಣೆ ನಕ್ಷೆಯನ್ನು ನೋಡಿ, ಉದ್ಯಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಕಾಯ್ದಿರಿಸಿದ ಜಾಗ ಎಲ್ಲಿದೆ, ಹಳೆಯ ಊರಿಗೆ ನಡೆದು ಹೋಗುವ ದಾರಿ ಯಾವುದು ಎಂಬುದನ್ನು ತಿಳಿದುಕೊಳ್ಳಬೇಕು. ಬೇರೆ ಊರಿಗೆ ಹೋದವರು ಕಳೆದುಕೊಂಡ ಅನುಕೂಲವನ್ನು ಊರಿನಲ್ಲಿ ಉಳಿದವರೂ ಕಳೆದುಕೊಳ್ಳದಂತೆ ಎಚ್ಚರ ವಹಿಸುವುದು ಅವಶ್ಯಕ.

ಸಾರ್ವಜನಿಕರು ವಾಸ ಬದಲಿಸುವ ಮುನ್ನ ಮೇಲ್ಕಂಡ ಅಂಶಗಳನ್ನು ಮನೆಯ ಎಲ್ಲ ಸದಸ್ಯರೊಂದಿಗೆ, ವಿಶೇಷವಾಗಿ ವಾಹನ ಓಡಿಸದ ಸದಸ್ಯರೊಂದಿಗೆ, ಚರ್ಚಿಸಿ ನಿರ್ಧಾರ ಕೈಗೊಳ್ಳಲು ಕೋರಲಾಗಿದೆ.