ಎರಿ ಹೊಲದ ಹುಳಿ

ರೋಣ, ನರಗುಂದ, ಗಜೇಂದ್ರಗಡದ ಕಡೆಯವರ ನಾಲಿಗೆಗೆ ಹುಳಿಯ ಪಾಠ ಹೇಳಬೇಕಿಲ್ಲ. ಪುಂಡಿಪಲ್ಯದ ಹುಳಿ ಹಲ್ಲಿಗೇ ಚುರುಕು ಮುಟ್ಟಿಸುತ್ತದೆ. ಹುಣಸೆಯದು ಬೆಲ್ಲ ಬೇಡುವ ಹುಳಿ. ಜೋಳದ ಅಂಬಲಿಯದು ಇವೆರಡರಂತೆಯೂ ಅಲ್ಲ. ಮೊದಲ ಗುಟುಕಿಗೆ ಬರೀ ಹಿಟ್ಟಿನ ಸಪ್ಪೆ. ನುಂಗುವಾಗ ದವಡೆಯ ಹಿಂದೆ ಮೆಲ್ಲಗೆ ಹುಳಿ ಏಳುತ್ತದೆ, ಆಮೇಲೆ ಬಾಯಲ್ಲಿ ಒಂದಿಷ್ಟು ಸಿಹಿ ಉಳಿಯುತ್ತದೆ. ಪುಂಡಿ, ಹುಣಸೆಯ ಹುಳಿ ಗಿಡದಲ್ಲೇ ಹುಟ್ಟಿದ್ದು. ಅಂಬಲಿಯದು ರಾತ್ರಿ ಗಡಿಗೆಯೊಳಗೆ ಹುಟ್ಟಿದ್ದು.

ಹೀಗೆ ಗುಟುಕು ಗುಟುಕಿಗೂ ರುಚಿ ಬಿಡಿಸಿ ಹೇಳುವ ರೂಢಿ ಅಂಬಲಿಗೆ ಎಂದೂ ಇರಲಿಲ್ಲ. ಬಿಯರಿಗೆ ಇದೆ. 2010ರ ಹೊತ್ತಿಗೆ ಬೆಂಗಳೂರಿನಲ್ಲಿ ಮೈಕ್ರೋ ಬ್ರೂವರಿಗಳು ತಲೆಯೆತ್ತಿದ ಮೇಲೆ ಅಂಥ ಮಾತು ನಮ್ಮ ಕಿವಿಗೂ ಬೀಳುತ್ತಿದೆ. ಆ ಲೋಕದಲ್ಲಿ ಬಹಳ ಗೌರವದಿಂದ ಹೆಸರು ಹೇಳುವ ಪಾನೀಯಗಳಲ್ಲೊಂದು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟು ಹುಳಿ ಬರಿಸಿದ ‘ಫಾರ್ಮ್‌ಹೌಸ್ ಏಲ್’. ಅದರ ರುಚಿ ಹೇಳುವವರು ಮೊದಲು ಮೊಸರಿನ ಹುಳಿ ಎನ್ನುತ್ತಾರೆ, ಅದರ ಹಿಂದೆ ತುಸು ವಿನಿಗರ್, ಕೊನೆಗೆ ಕೊಟ್ಟಿಗೆಯ ವಾಸನೆ. ಈ ಕೊನೆಯದು ಬೈಗುಳವಲ್ಲ, ಹೊಗಳಿಕೆ. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ತರುವ ಆ ವಾಸನೆಗೆ ದೊಡ್ಡ ಬೆಲೆ ತೆರುವವರಿದ್ದಾರೆ. ದಿನಾ ಬೆಳಿಗ್ಗೆ ಎದ್ದು ಸಗಣಿ ಬಾಚುವವರಿಗೆ ಇದನ್ನು ಹೇಳಿದರೆ ನಕ್ಕಾರು.

ಆದರೆ ಈ ಏಲ್ ಹುಟ್ಟಿದ್ದು ಪಬ್ಬಿನಲ್ಲಲ್ಲ, ಹೊಲದಲ್ಲಿ. ಬೆಲ್ಜಿಯಂ ದೇಶದ ವಲೋನಿಯಾ ಸೀಮೆಯ ಒಕ್ಕಲುಮನೆಗಳಲ್ಲಿ ಚಳಿಗಾಲದಲ್ಲಿ ಇದನ್ನು ಮಾಡಿಟ್ಟು, ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡುತ್ತಿದ್ದರಂತೆ. ಆಗ ಅದು ಅಮಲಿಗಿಂತ ದಾಹಕ್ಕೆ ಕುಡಿಯುವ ಕಡಿಮೆ ಕಸುವಿನ ಪಾನೀಯ. ಇವತ್ತು ಅದೇ ಸೀಮೆಯ ತೂರ್ಪ್ ಎಂಬ ಹಳ್ಳಿಯ ದ್ಯುಪೋಂ ಬ್ರೂವರಿಯ ಹೆಸರಾಂತ ‘ಸೈಜೋನ್’ ಎಂಬ ಫಾರ್ಮ್‌ಹೌಸ್ ಏಲ್‌ನಲ್ಲಿ ಶೇ 6.5ರಷ್ಟು ಆಲ್ಕೋಹಾಲ್ ಇದೆ. ಅದನ್ನು ಕುಡಿದು ಯಾರೂ ಮಧ್ಯಾಹ್ನ ಕುಡುಗೋಲು ಹಿಡಿಯಲಾರರು. ಅಂಬಲಿ ಮಾತ್ರ ಇನ್ನೂ ಕೂಲಿಯವರ ಬುತ್ತಿಯಲ್ಲೇ ಇದೆ.

ಪೀಪಾಯಿಗೂ ಗಡಿಗೆಗೂ ಕೆಲಸ ಹೆಚ್ಚುಕಡಿಮೆ ಒಂದೇ. ಓಕ್ ಮರದ ಸಣ್ಣ ರಂಧ್ರಗಳಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡು, ಒಂದು ಸಲ ಖಾಲಿಯಾದರೂ ಮುಂದಿನ ಸಲಕ್ಕೆ ಉಳಿದಿರುತ್ತವೆ. ಮರದ ಮೂಲಕ ಒಳಗೆ ಇಳಿಯುವ ಒಂದಿಷ್ಟು ಗಾಳಿಯಿಂದ ವಿನಿಗರಿನ ಹುಳಿಯೂ ಹುಟ್ಟುತ್ತದೆ. ಹಿಟ್ಟು ನೆನೆಹಾಕುವ ಮಣ್ಣಿನ ಗಡಿಗೆಯೂ ಹೀಗೇ ಪಳಗುತ್ತದೆ. ಹೊಸ ಗಡಿಗೆಯಲ್ಲಿ ಹುಳಿ ತಡವಾಗಿ ಬರುತ್ತದೆ, ಹಳೆಯದರಲ್ಲಿ ಬೆಳಗಾಗುವಷ್ಟರಲ್ಲಿ ಬಂದಿರುತ್ತದೆ. ಎರಡರಲ್ಲೂ ದುಡಿಯುವುದು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ, ಅಂದರೆ ಮೊಸರಿನ ಬಳಗದವೇ. ಅವು ಹುಟ್ಟಿಸಿದ ಆಮ್ಲ ಕೆಡಿಸುವ ಜೀವಿಗಳನ್ನು ದೂರ ಇಡುತ್ತದೆ. ಬೆಳಿಗ್ಗೆ ಹಿಟ್ಟನ್ನು ಕುದಿಸಿದಾಗ ಬ್ಯಾಕ್ಟೀರಿಯಾ ಸತ್ತರೂ ಹುಳಿ ಹೋಗುವುದಿಲ್ಲ. ಬೆಲ್ಜಿಯಂನ ತಣ್ಣನೆಯ ನೆಲಮಾಳಿಗೆಗೆ ತಿಂಗಳುಗಳು ಬೇಕು. ನರಗುಂದದ ಬೇಸಿಗೆಗೆ ಒಂದು ರಾತ್ರಿ ಸಾಕು.

ಹಾಗಾದರೆ ಅಂಬಲಿ ಏಕೆ ಅಮಲೇರಿಸುವುದಿಲ್ಲ? ನಮ್ಮವರು ಜೋಳವನ್ನು ಮೊಳಕೆ ಬರಿಸದೆ ಬೀಸುತ್ತಾರೆ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ, ಆ ಸಕ್ಕರೆ ತಿಂದು ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ. ಜೋಳದ ತವರು ಆಫ್ರಿಕಾದಲ್ಲಿ ಈ ದಾರಿಯನ್ನೂ ತುಳಿದಿದ್ದಾರೆ. ಬುರ್ಕಿನಾ ಫಾಸೊದ ‘ದೋಲೊ’, ರುವಾಂಡದ ‘ಇಕಿಗಾಗೆ’ ಮೊಳಕೆ ಜೋಳದ ಬಿಯರುಗಳು. ಜಾಂಬಿಯಾ, ಜಿಂಬಾಬ್ವೆಗಳಲ್ಲಿ ‘ಚಿಬುಕು’ ಎಂಬ ಹುಳಿ ಬಿಯರ್ ಡಬ್ಬಿಯಲ್ಲಿ ಸಿಗುತ್ತದೆ. ಗಷ್ಟು ತಳಕ್ಕೆ ಕೂಡುವುದರಿಂದ ಅಲ್ಲಾಡಿಸಿ ಕುಡಿಯಬೇಕು. ಅಂಬಲಿಯ ಹತ್ತಿರದ ನೆಂಟರು ಬೆಲ್ಜಿಯಂಗಿಂತ ಅಲ್ಲಿದ್ದಾರೆ ಎನ್ನುವುದು ನನ್ನ ಅನಿಸಿಕೆ. ಆದರೆ ಮೊಳಕೆ ಜೋಳದ ಬಗ್ಗೆ ಒಂದು ಎಚ್ಚರಿಕೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ನಮ್ಮ ರೈತರಿಗೆ ಗೊತ್ತು. ಆ ಸಯನೈಡಿನ ವಿಷ ಮೊಳಕೆಯಲ್ಲೂ ಇರುತ್ತದೆ. ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ.

ಅಂಬಲಿಗೆ ನಿಜವಾದ ಹೊಡೆತ ಬಿದ್ದದ್ದು ಬಿಯರಿನಿಂದಲ್ಲ. ಮಲಪ್ರಭಾ ಕಾಲುವೆಯ ನೀರು ಬಂದ ಮೇಲೆ ನರಗುಂದದ ಎರಿ ಹೊಲಗಳಲ್ಲಿ ಹತ್ತಿ, ಗೋವಿನಜೋಳ ಹೆಚ್ಚಿದವು. ನೀರಿನ ಜೊತೆ ಅಭಿವೃದ್ಧಿ ಕರವೂ ಬಂತು. ಆ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಆ ಚಳವಳಿಯ ಬಗ್ಗೆ ಪುಸ್ತಕಗಳು ಬಂದಿವೆ. ಅದೇ ಹೊಲಗಳಲ್ಲಿ ಹಿಂಗಾರಿ ಜೋಳ ಹಿಂದೆ ಸರಿದಾಗ ಅಡುಗೆಮನೆಯ ಗಡಿಗೆಗೆ ಏನಾಯಿತೆಂದು ಬರೆದವರು ಕಡಿಮೆ. ಈಗ ಗಡಿಗೆಯ ಜಾಗದಲ್ಲಿ ಸ್ಟೀಲ್ ಪಾತ್ರೆ ಕೂತಿದೆ, ಹುಳಿಯ ಕೆಲಸವನ್ನು ಮಜ್ಜಿಗೆಗೆ ವಹಿಸಲಾಗಿದೆ. ಮಜ್ಜಿಗೆ ಬೆರೆಸಿದ ಅಂಬಲಿ ತಂಪು, ಒಳ್ಳೆಯದೇ. ಆದರೆ ಅದರ ಹುಳಿ ಎಮ್ಮೆಯದು, ಜೋಳದ್ದಲ್ಲ.

ಇದನ್ನು ಬಾಟಲಿಗೆ ತುಂಬಿ ಮಾರಿ ಎಂದು ನಾನು ಹೇಳುತ್ತಿಲ್ಲ. ಬಾಟಲಿಗೆ ಬಂದರೆ ಅದಕ್ಕೆ ಸಕ್ಕರೆಯೂ ಬರುತ್ತದೆ, ಸ್ಟ್ರಾಬೆರಿಯೂ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವವರು ಈ ವರ್ಷ ಒಂದು ಕೆಲಸ ಮಾಡಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬಿಚ್ಚುವ ಮುಂಚೆ, ಬೆಳ್ಳುಳ್ಳಿ, ಜೀರಿಗೆ, ಮಜ್ಜಿಗೆ ಬೀಳದ ಅಂಬಲಿಯನ್ನು ಎರಡು ಬಟ್ಟಲಲ್ಲಿ ತೆಗೆದಿಡಿ: ಒಂದು ಸ್ಟೀಲ್ ಪಾತ್ರೆಯಲ್ಲಿ ನೆನೆದದ್ದು, ಇನ್ನೊಂದು ಗಡಿಗೆಯಲ್ಲಿ ನೆನೆದದ್ದು. ಒಂದರ ಹಿಂದೆ ಒಂದು ಕುಡಿದು ನೋಡಿ. ವ್ಯತ್ಯಾಸ ಗೊತ್ತಾಗದಿದ್ದರೆ ನಾಲಿಗೆಯನ್ನು ಬೈದುಕೊಳ್ಳಬೇಡಿ, ಗಡಿಗೆ ಇನ್ನೂ ಹೊಸದಿರಬೇಕು.